ಯಾರ ಮನೆಯ ರುಚಿ

ಮಾಲುಮ್‌ಫಾಶಿ
೧೭ ಏಪ್ರಿಲ್ ೧೯೮೬

ಬರಾವ್ ಅಣ್ಣನಿಗೆ ದೇಲು ಮಾಡುವ ಸಲಾಂ.

ನೀನು ಇಬಾದಾನಿಗೆ ಹೋದ ಈ ಆರು ವರ್ಷದಲ್ಲಿ ಇದು ನನ್ನ ನಾಲ್ಕನೆಯ ಕಾಗದ. ಮೊದಲನೆಯದರಲ್ಲಿ ಚಿಕ್ಕಪ್ಪ ತೀರಿಕೊಂಡ ಸುದ್ದಿ ಇತ್ತು, ಎರಡನೆಯದರಲ್ಲಿ ನನ್ನ ತಲಾಖಿನದು, ಮೂರನೆಯದರಲ್ಲಿ ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿ ಬಾಬಾನ ಮನೆಗೇ ವಾಪಸು ಬಂದದ್ದು. ಈ ಸಲ ಏನು ಸುದ್ದಿ ಅಂತ ನನಗೇ ತಿಳಿಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀನೇ ಅರ್ಥ ಮಾಡಿಕೋ.

ಕಳೆದ ತಿಂಗಳು ನೈಜರ್ ಗಡಿ ತೆರೆದರಲ್ಲ, ಅದಾಗಿ ಎರಡು ವಾರಕ್ಕೆ ನಮ್ಮ ಲಾರಿ ನಿಲ್ದಾಣದ ಬೇವಿನ ಮರದ ಕೆಳಗೆ ಒಬ್ಬ ಹೊಸಬ ಬಂದು ಕೂತ. ಮಣ್ಣಿನ ದಿಬ್ಬ ಕಟ್ಟಿ, ನಡುವೆ ಕೆಂಡ ಹರವಿ, ಸುತ್ತ ಕಡ್ಡಿ ನೆಟ್ಟು ಮಾಂಸ ಸುಡುತ್ತಾನೆ. ಅದರಲ್ಲೇನೂ ವಿಶೇಷ ಇಲ್ಲ, ಈ ಊರಲ್ಲಿ ಅಂಥ ದಿಬ್ಬ ಹನ್ನೊಂದು ಇವೆ. ಆದರೆ ನಮ್ಮ ಹೆಡ್‌ಮಾಸ್ತರು ಬೆಳಿಗ್ಗೆ ಶಾಲೆಗೆ ಬಂದವರೇ, ನಿಮ್ಮ ಬಾಬಾ ಲಾರಿ ನಿಲ್ದಾಣದಲ್ಲೂ ಅಂಗಡಿ ಇಟ್ಟರಾ ಅಂತ ನನ್ನನ್ನು ಕೇಳಿದರು. ಇಲ್ಲ ಅಂದೆ. ಹಾಗಾದರೆ ನಿಮ್ಮ ಮಸಾಲೆ ಅಲ್ಲಿಗೆ ಹೇಗೆ ಹೋಯಿತು ಅಂದರು.

ಸಂಜೆ ಎರಡು ಕಡ್ಡಿ ಕಟ್ಟಿಸಿಕೊಂಡು ಬಂದೆ. ದಾರಿಯಲ್ಲೇ ಸಿಮೆಂಟ್ ಚೀಲದ ಕಾಗದ ಬಿಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಅಣ್ಣ, ನಾನು ನಿಂತುಬಿಟ್ಟೆ. ನಮ್ಮದೇ. ಮೊದಲು ಶೇಂಗಾ ಹಿಂಡಿ, ಆಮೇಲೆ ಖಾರ, ಎಲ್ಲಾ ಮುಗಿಯಿತು ಅನ್ನುವಾಗ ನಾಲಿಗೆ ಹಿಂದೆ ಸಣ್ಣಗೆ ಜುಮ್ಮೆನ್ನುವುದಿದೆಯಲ್ಲ, ಅದೂ ಇತ್ತು.

ಬಾಬಾನ ಮುಂದೆ ಇಟ್ಟೆ. ಅವರು ಒಂದು ತುಂಡು ತಿಂದರು. ಎರಡನೆಯದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಏಳು ತಲೆಮಾರಿನ ಕೈ ಇದು. ಯಾರು ಹೊರಗೆ ಕೊಟ್ಟೋರು?" ಅಂದರು. ನನ್ನ ಕಡೆ ನೋಡಲಿಲ್ಲ. ತುಂಡನ್ನು ವಾಪಸು ಕಾಗದದ ಮೇಲೆ ಇಟ್ಟು, "ಇಬಾದಾನಿನಲ್ಲಿ ಯಾರಿಗೋ ಕಲಿಸಿರ್ತಾನೆ," ಅಂದರು. ನಿನ್ನ ಹೆಸರು ಹೇಳಲಿಲ್ಲ. ಆರು ವರ್ಷದಿಂದ ಹೇಳಿಲ್ಲವಲ್ಲ.

ಅಮ್ಮ ಒಳಗೆ ಒಣಶುಂಠಿ ಕುಟ್ಟುತ್ತಿದ್ದಳು. ಅವಳಿಗೂ ಒಂದು ತುಂಡು ಕೊಟ್ಟೆ. ಬಾಯಿಗೆ ಹಾಕಿಕೊಂಡು ಒನಕೆ ಎತ್ತಿದವಳು ಮತ್ತೆ ಇಳಿಸಲಿಲ್ಲ. ಆಮೇಲೆ ಹೊಗೆ ಕಣ್ಣಿಗೆ ಬಂತು ಅಂದಳು. ಒಲೆ ಹಚ್ಚಿರಲಿಲ್ಲ.

ನೀನು ಯಾರಿಗಾದರೂ ಹೇಳಿಕೊಟ್ಟಿದ್ದೀಯಾ? ನಿಜ ಬರೆ, ನಾನು ಬಾಬಾನಿಗೆ ಹೇಳುವುದಿಲ್ಲ.

ನಿನ್ನ ತಂಗಿ
ದೇಲು


ಸಾಬೋ, ಇಬಾದಾನ್
೨೯ ಏಪ್ರಿಲ್ ೧೯೮೬

ದೇಲು,

ಸಲಾಂ. ಕಾಗದ ತಲುಪಿತು. ಓದಿ ಒಂದು ದಿನ ಅಂಗಡಿ ತೆರೆಯಲಿಲ್ಲ, ಅಷ್ಟು ಸಿಟ್ಟು ಬಂತು.

ನಾನು ಯಾರಿಗೂ ಹೇಳಿಕೊಟ್ಟಿಲ್ಲ. ಹೇಳಿಕೊಡಲು ನನಗೆ ಗೊತ್ತಿದ್ದರೆ ತಾನೇ? ನಿನಗೆ ಒಂದು ಮಾತು ಹೇಳುತ್ತೇನೆ, ಬಾಬಾನ ಕಿವಿಗೆ ಬೀಳಬಾರದು. ನಾನು ಮನೆ ಬಿಟ್ಟ ಮೂರನೇ ತಿಂಗಳಿಂದ ಅಮ್ಮ ನನಗೆ ಪ್ರತಿ ತಿಂಗಳೂ ಒಂದು ಡಬ್ಬಿ ಪುಡಿ ಕಳಿಸುತ್ತಾಳೆ. ಈರುಳ್ಳಿ ಲಾರಿಯವನು ತಂದುಕೊಡುತ್ತಾನೆ. ಒಂದು ಚೀಟಿ ಇರುವುದಿಲ್ಲ, ಒಂದು ಮಾತು ಇರುವುದಿಲ್ಲ. ನಾನೂ ಏನೂ ಹೇಳಿ ಕಳಿಸಿಲ್ಲ. ಖಾಲಿ ಡಬ್ಬಿ ತೊಳೆದು ವಾಪಸು ಕಳಿಸುತ್ತೇನೆ.

ಆ ಪುಡಿಯ ಮೇಲೆ ನನ್ನ ಬದುಕು ನಡೆದಿದೆ. ಅದರಲ್ಲಿ ಏನೇನು ಎಷ್ಟೆಷ್ಟು ಅಂತ ನನಗೆ ಗೊತ್ತಿಲ್ಲ. ಒಂದು ಸಲ ನಾನೇ ಮಾಡಲು ನೋಡಿದೆ. ಯೊರೂಬಾ ಗಿರಾಕಿಯೊಬ್ಬ, "ಅಬೋಕಿ, ಗೆಳೆಯಾ, ಇವತ್ತು ಯಾರ ಮನೆ ಸೂತಕ?" ಅಂದ.

ಬಾಬಾ ನನ್ನ ಮೇಲೆ ಹಾಕಿದರಾ. ಹಾಕಲಿ. ಕಡ್ಡಿ ನಿಲ್ಲಿಸಿ ಸುಡೋದೇ ಸರಿ, ತಂತಿ ಜಾಲರಿ ಮೇಲೆ ಮಲಗಿಸಿ ಸುಟ್ಟರೆ ಹೆಣ ಮಲಗಿಸಿದ ಹಾಗೆ ಅಂತ ಹತ್ತು ಜನರ ಮುಂದೆ ನನ್ನ ಜಾಲರಿ ಎತ್ತಿ ಬಿಸಾಕಿದವರು. ಅವರ ಬಾಯಿಂದ ಇನ್ನೇನು ಬಂದೀತು?

ಆ ಮನುಷ್ಯ ಯಾರು, ಯಾವ ಊರು, ಯಾರ ಮಗ? ಅದನ್ನು ವಿಚಾರಿಸಿ ಬರೆ. ಅಮ್ಮನ ಜೊತೆ ಕುಟ್ಟಲು ಬರುವ ಹೆಂಗಸರಲ್ಲಿ ಯಾರೋ ನೋಡಿಕೊಂಡು ಹೊರಗೆ ಕೊಟ್ಟಿರಬೇಕು.

ಬರಾವ್


ಮಾಲುಮ್‌ಫಾಶಿ
೮ ಮೇ ೧೯೮೬

ಬರಾವ್ ಅಣ್ಣನಿಗೆ ಸಲಾಂ.

ಡಬ್ಬಿಯ ವಿಷಯ ಓದಿ ನಾನು ಕಾಗದವನ್ನು ಶಾಲೆಯ ಮೇಜಿನ ಖಾನೆಯಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಾಗಿರಲಿಲ್ಲ.

ಆ ಮನುಷ್ಯನನ್ನು ಮಾತಾಡಿಸಿದೆ. ಹೆಸರು ನೋಮಾವ್. ನಲವತ್ತು ದಾಟಿದೆ. ಊರು ತಿಬಿರಿ, ಗಡಿಯಾಚೆ ಮರಾದಿಯ ಹತ್ತಿರ. ಅಂದರೆ ಗೋಬಿರದವನು. ನಾವು ಕಟ್ಸಿನಾದವರು ಅಂತ ಗೊತ್ತಾದ ಕೂಡಲೇ ಶುರು ಮಾಡಿದ.

"ಬಾರಮ್ಮ ಬಾ, ಕಟ್ಸಿನಾದ ದಾಸಿ. ನಿಮ್ಮ ಮುತ್ತಜ್ಜ ನಮ್ಮ ಮುತ್ತಜ್ಜನ ಕುದುರೆ ಲದ್ದಿ ಹೊರ್ತಿದ್ದ."

"ನಿಮಗೆ ಕುದುರೆ ಎಲ್ಲಿತ್ತು? ಗೋಬಿರದೋರು ಕತ್ತೆ ಕಂಡ್ರೆ ಕುದುರೆ ಅಂತೀರ," ಅಂದೆ.

ಅಲ್ಲಿದ್ದ ಡ್ರೈವರುಗಳೆಲ್ಲ ನಕ್ಕರು. ಗೋಬಿರಕ್ಕೂ ಕಟ್ಸಿನಾಕ್ಕೂ ಹಿಂದೆ ಇದ್ದ ಯುದ್ಧವೆಲ್ಲ ಈಗ ಬಾಯಲ್ಲಷ್ಟೇ, ತಮಾಷೆಯ ಬೈಗುಳವಾಗಿ ಉಳಿದಿದೆಯಲ್ಲ. ಆದರೆ ಅವನು ಮಾತು ಮುಗಿಸಿ ನಗಲಿಲ್ಲ. ಬಗ್ಗಿ ಕೆಂಡ ಸರಿಮಾಡುತ್ತಾ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಅಂತ ಕೇಳಿದ. ಕ್ಷೇಮ ಅಂದೆ. ದೊಡ್ಡವರು ಕ್ಷೇಮವೇ ಅಂತ ಕೇಳಿದ. ಬಾಬಾ ಚೆನ್ನಾಗಿದ್ದಾರೆ ಅಂದೆ. ಮತ್ತೆ ಇನ್ನೊಂದು ಸಲ, ದೊಡ್ಡವರೆಲ್ಲರೂ ಕ್ಷೇಮವೇ ಅಂದ. ಎಷ್ಟು ದೊಡ್ಡವರು ಇದ್ದಾರೆ ಅಂದುಕೊಂಡಿದ್ದಾನೋ.

ಮಸಾಲೆ ಯಾರು ಕಲಿಸಿದ್ದು ಅಂತ ನೇರವಾಗಿ ಕೇಳಿದೆ. ತನ್ನ ಅಪ್ಪನ ತಾಯಿ ಕಲಿಸಿದ್ದು, ಅವಳಿಗೆ ಅವಳ ಅಜ್ಜಿ ಕಲಿಸಿದ್ದು ಅಂದ. ಅಜ್ಜಿ ಇನ್ನೂ ಇದ್ದಾಳಂತೆ, ಕಣ್ಣು ಹೋಗಿದೆ, ಬಾಯಿ ಹೋಗಿಲ್ಲ ಅಂದ. ಇಲ್ಲಿಗೆ ಯಾಕೆ ಬಂದೆ ಅಂತಲೂ ಕೇಳಿದೆ. ನನ್ನ ಪೊಟ್ಟಣಕ್ಕೆ ಈರುಳ್ಳಿ ಜಾಸ್ತಿ ಹಾಕಿ ಕಟ್ಟಿದ.

ಮನೆಗೆ ಬಂದು ಅಮ್ಮನಿಗೆ ಎಲ್ಲಾ ಹೇಳಿದೆ. ಹೆಸರು ಹೇಳುವಾಗ ಅವಳು ತಲೆಮೇಲಿನ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡು ಎದ್ದು ಒಳಗೆ ಹೋದಳು. ಅವನ ಮೇಲೆ ಇಷ್ಟು ಸಿಟ್ಟು ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ನೋಡಿಯೇ ಇಲ್ಲವಲ್ಲ ಅವನನ್ನು.

ಬಾಬಾ ಕಸಾಯಿಗಳ ಯಜಮಾನರಿಗೆ ದೂರು ಕೊಟ್ಟಿದ್ದಾರೆ. ಉಪವಾಸ ಮುಗಿದ ಮೇಲೆ ಪಂಚಾಯಿತಿ ಕೂರುತ್ತದೆ. ಅವನನ್ನು ಊರು ಬಿಡಿಸದೆ ತಾನು ಬೆಂಕಿ ಹಚ್ಚುವುದಿಲ್ಲ ಅಂದಿದ್ದಾರೆ.

ದೇಲು


ಸಾಬೋ, ಇಬಾದಾನ್
೨೮ ಮೇ ೧೯೮೬

ದೇಲು,

ಈ ತಿಂಗಳು ಡಬ್ಬಿ ಬಂದಿಲ್ಲ. ಲಾರಿಯವನನ್ನು ಕೇಳಿದರೆ, ಮನೆ ಬಾಗಿಲಲ್ಲಿ ನಿಂತು ಸಲಾಂ ಹೇಳಿದೆ, ಒಳಗಿಂದ ಯಾರೂ ಬರಲಿಲ್ಲ ಅಂದ. ಅಮ್ಮನಿಗೆ ಆರಾಮಿಲ್ಲವಾ? ನೀನು ಬರೆದಿಲ್ಲ.

ನಾನು ಒಂದು ವಿಷಯ ನೆನಪು ಮಾಡಿಕೊಳ್ಳುತ್ತಿದ್ದೇನೆ. ಚಿಕ್ಕಪ್ಪ ಒಮ್ಮೆ ಹಬ್ಬದ ದಿನ ತಮಾಷೆಗೆ, ನಮ್ಮಪ್ಪ ಸುಟ್ಟ ಮಾಂಸದಲ್ಲಿ ಉಪ್ಪು ಬಿಟ್ಟು ಇನ್ನೇನೂ ಇರುತ್ತಿರಲಿಲ್ಲ ಅಂದಿದ್ದ. ಬಾಬಾ ಅವನ ಜೊತೆ ಒಂದು ವಾರ ಮಾತು ಬಿಟ್ಟಿದ್ದರು. ಅಂದರೆ ಏಳು ತಲೆಮಾರು ಎಲ್ಲಿಂದ ಬಂತು? ನಾವು ಕದ್ದವರಾ, ಅವನು ಕದ್ದವನಾ?

ಪಂಚಾಯಿತಿ ಮುಗಿದ ಮೇಲೆ ಏನಾಯಿತು ಅಂತ ಬರೆ. ಇಲ್ಲಿ ಗಿರಾಕಿಗಳು ಕಡಿಮೆ ಆಗುತ್ತಿದ್ದಾರೆ. ಅದು ದೊಡ್ಡ ವಿಷಯ ಅಲ್ಲ. ಡಬ್ಬಿ ಬರದಿದ್ದರೆ ಮನೆಯಿಂದ ಯಾರೋ ಕೂಗುವುದು ನಿಂತ ಹಾಗೆ ಆಗುತ್ತದೆ. ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ.

ಬರಾವ್


ಮಾಲುಮ್‌ಫಾಶಿ
೧೬ ಜೂನ್ ೧೯೮೬

ಬರಾವ್ ಅಣ್ಣನಿಗೆ ಸಲಾಂ. ಹಬ್ಬದ ಶುಭಾಶಯ ತಡವಾಗಿ.

ಕೂತುಕೊಂಡು ಓದು.

ಪಂಚಾಯಿತಿ ಯಜಮಾನರ ಹೊರಚಾವಡಿಯಲ್ಲಿ ಸೇರಿತ್ತು. ನಾನು ಅವರ ಹೆಂಡತಿಯರ ಜೊತೆ ಚಾಪೆ ಮರೆಯ ಹಿಂದೆ ಕೂತಿದ್ದೆ. ಬಾಬಾ ಬಿಳಿ ನಿಲುವಂಗಿ ಹಾಕಿಕೊಂಡು ಬಂದಿದ್ದರು. ಏಳು ತಲೆಮಾರಿನ ವಿಷಯ ಹೇಳಿದರು. ನೋಮಾವ್ ತನ್ನ ಅಜ್ಜಿಯ ಅಜ್ಜಿಯ ಮೇಲೆ ಆಣೆ ಇಟ್ಟ. ಯಜಮಾನರಿಗೆ ಎಂಬತ್ತು ವರ್ಷ. ಅವರು, ಮಾತಿಗೆ ರುಚಿ ಇಲ್ಲ, ಇಬ್ಬರೂ ನನ್ನ ಮುಂದೆ ಪುಡಿ ಮಾಡಿ ಅಂದರು. ಎರಡು ಒರಳು ತರಿಸಿದರು. ಹಿಂಡಿ, ಮೆಣಸಿನಕಾಯಿ, ಶುಂಠಿ, ಲವಂಗ, ಉಪ್ಪು ಎಲ್ಲಾ ಒಂದೊಂದು ಬುಟ್ಟಿಯಲ್ಲಿ ಇಟ್ಟರು.

ನೋಮಾವ್ ಕುಟ್ಟತೊಡಗಿದ. ಕೈ ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಬಾಬಾ ಬುಟ್ಟಿಗಳನ್ನು ನೋಡುತ್ತಾ ನಿಂತರು. ಹಿಂಡಿ ತೆಗೆದುಕೊಂಡರು, ಮತ್ತೆ ಇಟ್ಟರು. ಶುಂಠಿ ಮೂಸಿದರು. ಅಣ್ಣ, ಅವರಿಗೆ ಗೊತ್ತಿಲ್ಲ. ನಲವತ್ತು ವರ್ಷ ಬೆಂಕಿ ಮುಂದೆ ಕೂತವರಿಗೆ, ಅಮ್ಮ ಬಟ್ಟಲಲ್ಲಿ ಕೊಟ್ಟದ್ದನ್ನು ಸವರುವುದು ಬಿಟ್ಟರೆ ಬೇರೆ ಏನೂ ಗೊತ್ತಿಲ್ಲ. ಜನ ಎಲ್ಲಾ ಅವರ ಕೈಯನ್ನೇ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ.

ಯಜಮಾನರು ಅವರ ಮಾನ ಉಳಿಸಲೆಂದೋ ಏನೋ ನೋಮಾವ್ ಕಡೆ ತಿರುಗಿ, ನಿನ್ನ ಅಜ್ಜಿ ಇದನ್ನು ಇನ್ನು ಯಾರಿಗಾದರೂ ಕಲಿಸಿದ್ದಳಾ ಅಂತ ಕೇಳಿದರು. ಅವನು ಒನಕೆ ಕೆಳಗಿಟ್ಟ.

"ನಮ್ಮನೆಗೆ ಬಂದಿದ್ದ ಒಬ್ಬ ಸೊಸೆಗೆ ಗೊತ್ತಿತ್ತು. ನಮ್ಮಪ್ಪ ಅವಳನ್ನ ಬಿಟ್ಟ. ನನಗಾಗ ನಾಲ್ಕು ವರ್ಷ. ಮಗು ಅಪ್ಪನ ಮನೇದು ಅಂತ ನನ್ನ ಅಲ್ಲೇ ಇಟ್ಕೊಂಡ್ರು. ಅವಳು ಹೊರಟುಹೋದಳು."

"ಎಲ್ಲಿದಾಳೆ ಈಗ?" ಅಂದರು ಯಜಮಾನರು.

ಅವನು ಬಾಬಾನ ಕಡೆ ನೋಡಲಿಲ್ಲ. "ಅವಳ ಮನೆ ಗೋಡೆ ನೋಡಿದೀನಿ. ಎರಡು ತಿಂಗಳಿಂದ ದಿನಾ ನೋಡ್ತೀನಿ," ಅಂದ.

ಬಾಬಾ ಚಪ್ಪಲಿ ಹುಡುಕಿ ಹಾಕಿಕೊಂಡು ಹೊರಟುಹೋದರು.

ನಾನು ಓಡಿ ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವನು ನಿನ್ನ ಮಗನಾ ಅಂತ ಒಂದಲ್ಲ ಮೂರು ಸಲ ಕೇಳಿದೆ. ಗೋಡೆಗೆ ಮುಖ ಮಾಡಿ ಕೂತಿದ್ದಳು. ಕೊನೆಗೆ, "ಆತ ಸರಿಯಾಗಿ ಊಟ ಮಾಡ್ತಾನಾ?" ಅಂದಳು.

ಆತ. ಆಗ ನನಗೆ ಹೊಳೆಯಿತು. ನಮ್ಮ ಬೀದಿಯ ಯಾವ ತಾಯಿ ಚೊಚ್ಚಲ ಮಗನ ಹೆಸರು ಹಿಡಿದು ಕರೆಯುತ್ತಾಳೆ? ಮುಖ ಎತ್ತಿ ಯಾರು ನೋಡುತ್ತಾರೆ? ಚೊಚ್ಚಲು ಅಂದರೆ ನಾಚಿಕೆ, ಜನರ ಮುಂದೆ ಮುದ್ದು ಮಾಡಬಾರದು. ಅಮ್ಮ ಬಟ್ಟೆ ಎಳೆದುಕೊಂಡದ್ದು ಸಿಟ್ಟಿಗೆ ಅಂದುಕೊಂಡಿದ್ದೆ ನಾನು.

ಬಾಬಾ ಮಾತಾಡುತ್ತಿಲ್ಲ. ಅಮ್ಮನೂ ಮಾತಾಡುತ್ತಿಲ್ಲ. ನಾನು ಇಬ್ಬರಿಗೂ ಬಡಿಸುತ್ತೇನೆ.

ದೇಲು


ಸಾಬೋ, ಇಬಾದಾನ್
೩೦ ಜೂನ್ ೧೯೮೬

ದೇಲು,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನನಗೆ ಬರಾವ್ ಅಂತ ಯಾಕೆ ಹೆಸರಿಟ್ಟರು? ಉಳಿದವನು ಅಂತ. ನನಗಿಂತ ಮುಂಚಿನದು ಉಳಿಯಲಿಲ್ಲ, ಅದಕ್ಕೇ ನೀನು ಉಳಿಯಲಿ ಅಂತ ಇಟ್ಟೆವು ಅಂತ ಹೇಳುತ್ತಿದ್ದರು. ನಾನು ಚಿಕ್ಕಂದಿನಲ್ಲಿ ಆ ಸತ್ತ ಅಣ್ಣನಿಗೆ ಹೆದರುತ್ತಿದ್ದೆ. ಈಗ ಅವನು ಲಾರಿ ನಿಲ್ದಾಣದಲ್ಲಿ ಮಾಂಸ ಸುಡುತ್ತಿದ್ದಾನೆ.

ಇನ್ನೊಂದು. ಅಮ್ಮ ನನ್ನ ಹೆಸರನ್ನು ಬಾಯಿ ತುಂಬ ಕರೆಯುತ್ತಿದ್ದಳು. ಬಾವಿಯ ತನಕ ಕೇಳುತ್ತಿತ್ತು. ಜೊತೆಯ ಹುಡುಗರ ತಾಯಂದಿರು ದೊಡ್ಡ ಮಗನನ್ನು "ಏಯ್ ಇವನೇ" ಅನ್ನುವಾಗ ನನಗೆ ಜಂಬ, ನನ್ನಮ್ಮನಿಗೆ ನನ್ನ ಮೇಲೆ ನಾಚಿಕೆಗಿಂತ ಪ್ರೀತಿ ಹೆಚ್ಚು ಅಂತ. ಈಗ ಅದನ್ನು ಏನು ಅಂದುಕೊಳ್ಳಲಿ? ಅವಳು ನನ್ನನ್ನು ಕೂಗಿದ್ದು ನಾನು ಮೊದಲನೆಯವನಲ್ಲ ಅಂತಲಾ? ಕರೆಯಲಾರದ ಹೆಸರು ಒಂದು ಇತ್ತು ಅಂತಲಾ?

ನಾನು ಮೂವತ್ತೇಳು ವರ್ಷದ ಗಂಡಸು. ಹೀಗೆ ಬರೆಯಲು ಅಸಹ್ಯವಾಗುತ್ತದೆ.

ಬಾಬಾನಿಗೆ ಗೊತ್ತಿತ್ತಾ? ಅದೊಂದು ಕೇಳಿ ಬರೆ.

ಬರಾವ್


ಮಾಲುಮ್‌ಫಾಶಿ
೧೯ ಆಗಸ್ಟ್ ೧೯೮೬

ಬರಾವ್ ಅಣ್ಣನಿಗೆ ಬಕ್ರೀದಿನ ಸಲಾಂ.

ಎರಡು ತಿಂಗಳು ಬರೆಯಲಿಲ್ಲ, ಬರೆಯಲು ಏನೂ ನಡೆದಿರಲಿಲ್ಲ. ಬಾಬಾ ನಮ್ಮ ಮನೆಯ ಹೊರಚಾವಡಿಯಲ್ಲಿ ಮಲಗುತ್ತಿದ್ದರು. ನಮ್ಮ ದಿಬ್ಬದ ಮೇಲೆ ಮಳೆ ಬಿದ್ದು ಹುಲ್ಲು ಬಂತು. ಲಾರಿ ನಿಲ್ದಾಣದಲ್ಲಿ ನೋಮಾವ್ ದಿನಾ ಸುಡುತ್ತಿದ್ದ, ಊರವರು ದಿನಾ ತಿನ್ನುತ್ತಿದ್ದರು, ನಮ್ಮ ಮನೆಯ ಮುಂದೆ ಹಾಯುವಾಗ ಮಾತ್ರ ಮಾತು ನಿಲ್ಲಿಸುತ್ತಿದ್ದರು.

ಬಕ್ರೀದ್ ಬಂತು. ನಿನಗೆ ಗೊತ್ತಲ್ಲ, ನಮ್ಮ ಕೇರಿಯ ಟಗರುಗಳೆಲ್ಲ ನಮ್ಮ ಮನೆಯ ಮುಂದೆಯೇ ಬೇಯಬೇಕು. ಈ ವರ್ಷ ಮೂವತ್ತೆರಡು. ಹಬ್ಬದ ಹಿಂದಿನ ದಿನ ಮಧ್ಯಾಹ್ನದವರೆಗೂ ಬಾಬಾ ಸೌದೆ ತರಿಸಿರಲಿಲ್ಲ. ಜನ ಬಂದು ಕೇಳಿ ಕೇಳಿ ಹೋದರು. ಮಧ್ಯಾಹ್ನದ ನಮಾಜ್ ಮುಗಿಸಿ ಬಾಬಾ ಕೋಲು ಹಿಡಿದುಕೊಂಡು ಹೊರಟರು. ಎಲ್ಲಿಗೆ ಅಂದರೆ ಹೇಳಲಿಲ್ಲ. ನಾನು ಹಿಂದೆ ಹೋದೆ.

ಲಾರಿ ನಿಲ್ದಾಣಕ್ಕೆ ಹೋದರು. ಬೇವಿನ ಮರದ ಕೆಳಗೆ ನೋಮಾವ್‌ನ ದಿಬ್ಬದ ಮುಂದೆ ನಿಂತರು. ಅವನು ಎದ್ದು ನಿಂತ. ಡ್ರೈವರುಗಳೂ ಎದ್ದರು. ಬಾಬಾ ಎಷ್ಟು ಹೊತ್ತು ನಿಂತರೆಂದರೆ ಹೊಡೆದುಬಿಡುತ್ತಾರೆ ಅಂದುಕೊಂಡೆ.

"ಲೋ, ಗೋಬಿರದ ಗುಲಾಮ," ಅಂದರು.

ಅವನು ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, "ಹೇಳಪ್ಪ, ಕಟ್ಸಿನಾದ ಗುಲಾಮ," ಅಂದ.

"ನಾಳೆ ಮೂವತ್ತೆರಡು ಟಗರಿದೆ. ನನಗೆ ವಯಸ್ಸಾಯ್ತು, ಹೊಗೆ ತಡೆಯಲ್ಲ. ನಿಮ್ಮಜ್ಜಂದಿರು ನಮ್ಮಜ್ಜಂದಿರಿಗೆ ಸೌದೆ ಹೊತ್ತೋರು ತಾನೆ. ಬಂದು ಹೊರು."

ಅಷ್ಟೇ. ಬಾಬಾ ಬೇರೆ ಯಾವ ಬಾಯಿಂದ ಕರೆಯಬಹುದಿತ್ತು, ಹೇಳು?

ಮರುದಿನ ನಮಾಜ್ ಮುಗಿಯುತ್ತಲೇ ಅವನು ಬಂದ. ದೊಡ್ಡ ಉರಿ ಹಾಕಿ, ಸೀಳಿದ ಟಗರುಗಳನ್ನು ಗೂಟಕ್ಕೆ ಬಿಗಿದು ಸುತ್ತ ನಿಲ್ಲಿಸಿದರು. ಬಾಬಾ ಒಂದು ಕಡೆ, ಅವನು ಒಂದು ಕಡೆ. ಗಾಳಿ ತಿರುಗಿದಾಗ ಇಬ್ಬರೂ ಒಟ್ಟಿಗೇ ಏಳುತ್ತಿದ್ದರು. ಅಮ್ಮ ಒಳಗಿಂದ ಪುಡಿಯ ಬಟ್ಟಲು ನನ್ನ ಕೈಯಲ್ಲಿ ಕಳಿಸಿದಳು. ನೋಮಾವ್ ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡ. ಹೊಗೆಗೆ ಕಣ್ಣಲ್ಲಿ ನೀರು ಬಂದಿದ್ದರೂ ಬಂದಿರಬಹುದು, ನಾನು ನೋಡಲು ಹೋಗಲಿಲ್ಲ.

ಮಧ್ಯಾಹ್ನ ಅವನು ಬಾಗಿಲ ಹೊರಗೆ ಮಂಡಿಯೂರಿ ಕೂತು, ಒಳಗಿನ ಕತ್ತಲಿಗೆ ಹಬ್ಬದ ಸಲಾಂ ಹೇಳಿದ. ಹಬ್ಬದ ಕೆಲಸದ ಆಯಾಸ ಹೇಗಿದೆ ಅಂದ. ಅಮ್ಮ ಪರದೆಯ ಹಿಂದೆ ನಿಂತು ಆರಾಮ ಅಂದಳು. ಮನೆಯವರು ಹೇಗಿದ್ದಾರೆ ಅಂದ. ಆರಾಮ ಅಂದಳು. ಮೂವತ್ತೊಂಬತ್ತು ವರ್ಷಕ್ಕೆ ಅಷ್ಟು ಮಾತು.

ಎದ್ದು ಹೊರಡುವಾಗ, ತಾನು ಈ ಊರಿಗೆ ಬಂದ ಕಾರಣವನ್ನು ನನ್ನ ಹತ್ತಿರ ಹೇಳಿದ. ತಿಬಿರಿಯ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. ಸಾಯುವ ಮುಂಚೆ ಆ ಸೊಸೆಯನ್ನು ಕರೆತಾ, ಅವಳ ಕೈಯದು ಒಂದು ತುಂಡು ತಿಂದು ಹೋಗುತ್ತೇನೆ ಅಂದಿದ್ದಾಳಂತೆ. ಏಪ್ರಿಲಿನಲ್ಲಿ ಹೇಳಲು ಬಂದವನಿಗೆ ಆಗಸ್ಟಿನವರೆಗೆ ಬಾಯಿ ಬರಲಿಲ್ಲ.

ನೀನು ಕೇಳಿದ್ದನ್ನು ಬಾಬಾನಿಗೆ ಕೇಳಿದೆ. ಮದುವೆಯಾಗುವಾಗಲೇ ಮಗ ಇರುವುದು ಗೊತ್ತಿತ್ತು ಅಂದರು. ಮಸಾಲೆಯ ವಿಷಯ ಕೇಳಿದೆ. ತುಂಬ ಹೊತ್ತು ಗಡ್ಡ ಸವರಿಕೊಂಡರು. "ಮದುವೆಯಾದ ವರ್ಷ ಹಬ್ಬಕ್ಕೆ ನಿಮ್ಮಮ್ಮ ಪುಡಿ ಮಾಡಿದಳು. ನನ್ನ ತಾಯಿ ತಿಂದು, ಇದು ನಮ್ಮನೆ ಹಳೇ ರುಚಿ ಕಣೋ ಅಂದಳು. ಮುದುಕಿ, ಎದುರಾಡಲಿಲ್ಲ. ಆಮೇಲೆ ನಾನೇ ಹಾಗೆ ಹೇಳ್ತಾ ಹೋದೆ. ಹೇಳಿ ಹೇಳಿ, ಈಗ ನಮ್ಮಜ್ಜ ಆ ಪುಡಿ ಸವರಿದ್ದು ನನ್ನ ಕಣ್ಣಿಗೆ ಕಟ್ಟಿದಂಗೆ ಕಾಣ್ಸತ್ತೆ," ಅಂದರು. ಸುಳ್ಳು ಹೇಳುತ್ತಾ ಬಂದದ್ದೋ ನಿಜ ಹೇಳುತ್ತಾ ಬಂದದ್ದೋ ತನಗೇ ಗೊತ್ತಿಲ್ಲ ಅಂದರು.

ಅಮ್ಮ ತಿಬಿರಿಗೆ ಹೋಗಬೇಕೆಂದು ಬಾಯಿಬಿಟ್ಟು ಕೇಳಿಲ್ಲ. ಆದರೆ ಗಂಟು ಕಟ್ಟಿ ಇಟ್ಟಿದ್ದಾಳೆ. ಬಾಬಾ ಆ ಗಂಟನ್ನು ದಾಟಿಕೊಂಡು ಓಡಾಡುತ್ತಾರೆ. ಗಂಡ ಇರುವಾಗ ಹಳೇ ಗಂಡನ ಮನೆಗೆ ಹೆಂಡತಿಯನ್ನು ಕಳಿಸಿದ ಅಂತ ಜನ ಆಡುತ್ತಾರೆ, ಆ ಮನುಷ್ಯ ಸತ್ತು ಎಷ್ಟು ವರ್ಷವಾಗಿದ್ದರೇನು? ಏನು ಮಾಡಬೇಕೋ ತಿಳಿಯದು.

ದೇಲು


ಸಾಬೋ, ಇಬಾದಾನ್
೧ ಸೆಪ್ಟೆಂಬರ್ ೧೯೮೬

ದೇಲು,

ಇದನ್ನು ಬಾಬಾನಿಗೆ ಓದಿ ಹೇಳು. ನಾನು ಬರೆದ ಹಾಗೆಯೇ ಓದು.

ಬಾಬಾ, ಸಲಾಂ. ನಾನು ಬರಾವ್. ಅಮ್ಮನನ್ನು ಕಳಿಸಿಕೊಡಿ. ದೇಲು ಜೊತೆಗೆ ಹೋಗಲಿ. ಅವರು ಬರುವ ತನಕ ನಾನು ಬಂದು ನಿಮ್ಮ ಜೊತೆ ಇರುತ್ತೇನೆ, ದಿಬ್ಬ ಕೆರೆದು ಬೆಂಕಿ ಹಚ್ಚುತ್ತೇನೆ. ಜನ ಆಡಿದರೆ ಇಬ್ಬರೂ ಕೂತು ಕೇಳೋಣ. ನನಗೆ ಸಿಟ್ಟು ಇದೆಯೋ ಹೋಗಿದೆಯೋ ಗೊತ್ತಿಲ್ಲ, ಬಂದ ಮೇಲೆ ನೋಡಿದರಾಯಿತು.

ಇಷ್ಟು ಓದಿದರೆ ಸಾಕು. ಇದು ನಿನಗೆ: ಆ ಮನುಷ್ಯನನ್ನು ನಾನು ಏನಂತ ಕರೆಯಬೇಕು? ನನ್ನ ಜನ್ಮದಲ್ಲಿ ಯಾರಿಗೂ ಅಣ್ಣ ಅಂದಿಲ್ಲ.

ಬರಾವ್


ತಿಬಿರಿ
೪ ಅಕ್ಟೋಬರ್ ೧೯೮೬

ಬರಾವ್ ಅಣ್ಣನಿಗೆ ಸಲಾಂ.

ಈ ಕಾಗದ ಬರುವಾಗ ನೀನು ಬಾಬಾನ ಪಕ್ಕ ಕೂತಿರುತ್ತೀಯ. ಅವರ ಮುಂದೆ ಒಡೆಯಬೇಡ. ಬಾವಿಯ ಹತ್ತಿರ ಹೋಗಿ ಒಬ್ಬನೇ ಓದು, ಆಮೇಲೆ ಎಷ್ಟು ಹೇಳಬೇಕೋ ನೀನೇ ಯೋಚಿಸು. ನನಗಂತೂ ತಲೆ ಓಡುತ್ತಿಲ್ಲ.

ಗಡಿಯಲ್ಲಿ ಅರ್ಧ ದಿನ ನಿಲ್ಲಿಸಿದರು. ಅಮ್ಮ ದಾರಿಯುದ್ದಕ್ಕೂ ಲಾರಿಯ ಕಿಟಕಿಯ ಪಕ್ಕ ಕೂತಿದ್ದಳು. ನೋಮಾವ್ ಮುಂದೆ ಕೂತಿದ್ದ. ಅವಳು ಅವನ ಬೆನ್ನನ್ನು ನೋಡುತ್ತಾಳೆ, ಅವನು ತಿರುಗಿದರೆ ಹೊಲ ನೋಡುತ್ತಾಳೆ. ಹಾಗೆಯೇ ಬಂದೆವು.

ಅಜ್ಜಿ ಇನ್ನೂ ಇದ್ದಾಳೆ. ಒಣಗಿದ ಸೌತೆ ಬಳ್ಳಿಯ ಹಾಗಿದ್ದಾಳೆ. ಅಮ್ಮ ಅವಳ ಕಾಲ ಹತ್ತಿರ ಕೂತಾಗ ಕೈ ಚಾಚಿ ಅಮ್ಮನ ಮೂಗು, ಕಿವಿ, ಗದ್ದ ಎಲ್ಲಾ ತಡವಿದಳು. "ದಪ್ಪ ಆಗಿದೀಯಲ್ಲೇ," ಅಂದಳು. ಅಮ್ಮ ಆ ಮಾತಿಗೆ ನಕ್ಕಳು. ಅವಳು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಆ ಮನೆಯ ಒರಳಲ್ಲೇ ಪುಡಿ ಮಾಡಿದಳು. ನೋಮಾವ್ ಬೆಂಕಿ ಹಾಕಿದ. ನಾನು ಕಡ್ಡಿಗೆ ಮಾಂಸ ಪೋಣಿಸಿದೆ. ಅಜ್ಜಿಗೆ ಹಲ್ಲಿಲ್ಲ. ಒಂದು ತುಂಡು ಬಾಯಲ್ಲಿಟ್ಟುಕೊಂಡು ಚೀಪುತ್ತಾ ಚೀಪುತ್ತಾ ಎಷ್ಟೋ ಹೊತ್ತು ಇದ್ದಳು. "ಹೂಂ, ಇದೇ," ಅಂದಳು.

ನನಗೆ ಸುಮ್ಮನಿರಲಾಗಲಿಲ್ಲ. ಅಲ್ಲಿ ಏಳು ತಲೆಮಾರು, ಇಲ್ಲಿ ಅಜ್ಜಿಯ ಅಜ್ಜಿ, ಇಷ್ಟೆಲ್ಲ ಆಯಿತಲ್ಲ. ಅಜ್ಜಿ, ಇದನ್ನು ನಿಮಗೆ ಯಾರು ಕಲಿಸಿದ್ದು ಅಂತ ಕೇಳಿದೆ.

"ನನಗಾ? ಇವಳೇ," ಅಂದಳು.

ನೋಮಾವ್ ಕಡ್ಡಿ ತಿರುಗಿಸುವುದನ್ನು ನಿಲ್ಲಿಸಿದ.

ಅಜ್ಜಿ ಹೇಳಿದ್ದು ಇಷ್ಟು. ಅಮ್ಮ ಸೊಸೆಯಾಗಿ ಬಂದಾಗ ಹದಿಮೂರು ವರ್ಷ. ಬಂದ ಎಂಟನೇ ದಿನವೋ ಹತ್ತನೇ ದಿನವೋ ಹಬ್ಬ. ಅಜ್ಜಿಯ ಮಾಂಸಕ್ಕೆ ಆಗ ಹಿಂಡಿ, ಶುಂಠಿ, ಉಪ್ಪು, ಮೆಣಸಿನಕಾಯಿ ಅಷ್ಟೇ. ಲವಂಗದ ಡಬ್ಬಿ ಮೇಲಿನ ಗೂಡಲ್ಲಿತ್ತು, ಯಾರಿಗಾದರೂ ಹಲ್ಲುನೋವು ಬಂದರೆ ಇರಲಿ ಅಂತ. ಹುಡುಗಿ ಏನೋ ತೆಗೆಯಲು ಹೋಗಿ ಡಬ್ಬಿಯನ್ನು ಒರಳೊಳಗೆ ಬೀಳಿಸಿದಳು. ಲವಂಗ ಎಲ್ಲಾ ಹಿಂಡಿಯ ಜೊತೆ ಸೇರಿತು. ಹೆದರಿ, ಕಾಣದಿರಲಿ ಅಂತ ಕುಟ್ಟಿಬಿಟ್ಟಳು. ಆಮೇಲೆ ಒರಳ ಪಕ್ಕ ಕೂತು ಅಳತೊಡಗಿದಳು. ಒಂದು ಹಬ್ಬದ ಹಿಂಡಿ ಎಸೆಯಲಾಗುತ್ತದೆಯೇ? ಅಜ್ಜಿ ಅದನ್ನೇ ಸವರಿದಳು. ಗಂಡಸರು ತಿಂದು ಬೆರಳು ನೆಕ್ಕಿಕೊಂಡರು. ಹಿರಿಯನೊಬ್ಬ, ಇದು ನನ್ನ ಅಜ್ಜಿಯ ಕಾಲದ ರುಚಿ, ಎಲ್ಲಿ ಅಡಗಿಸಿಟ್ಟಿದ್ದೆ ಅಂದನಂತೆ. ಅಜ್ಜಿ ಹೂಂ ಅಂದಳಂತೆ. ಆಮೇಲೆ ಮೊಮ್ಮಗನಿಗೂ ಹಾಗೆಯೇ ಹೇಳಿಕೊಟ್ಟಳು.

ನೋಮಾವ್ ಕೈಯಲ್ಲಿದ್ದ ಕಡ್ಡಿಯನ್ನು ಕೆಂಡದ ಪಕ್ಕ ನೆಟ್ಟ. ನಾನು ಯಜಮಾನರ ಮುಂದೆ ಆಣೆ ಇಟ್ಟೆನಲ್ಲ ಅಂದ. ಯಾರಿಗೆ ಹೇಳಿದನೋ ಗೊತ್ತಾಗಲಿಲ್ಲ.

ನಾನು ಅಮ್ಮನ ಕಡೆ ತಿರುಗಿ, ನಿನಗೆ ಗೊತ್ತಿತ್ತಾ, ಗೊತ್ತಿದ್ದೂ ಬಾಬಾನನ್ನು ಪಂಚಾಯಿತಿಯಲ್ಲಿ ನಿಲ್ಲಿಸಿದೆಯಾ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಅವಳು ನನ್ನನ್ನೇ ನೋಡಿದಳು, ನಿಜವಾಗಿ ಯೋಚನೆ ಮಾಡುವವಳ ಹಾಗೆ.

"ಆ ಒರಳ ಹತ್ರ ಕೂತು ಅತ್ತಿದ್ದು ನೆನಪಿತ್ತು," ಅಂದಳು. "ಯಾಕೆ ಅಂತ ಮರೆತುಹೋಗಿತ್ತು. ಬಿಟ್ಟುಬಂದ ದಿನ ಇರಬೇಕು ಅಂದ್ಕೊಂಡಿದ್ದೆ."

ಇದರಲ್ಲಿ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಹೇಳು.

ನಾಳಿದ್ದು ಹೊರಡುತ್ತೇವೆ. ನೋಮಾವ್ ಗಡಿಯ ತನಕ ಬರುತ್ತಾನೆ, ಅಜ್ಜಿಯನ್ನು ಬಿಟ್ಟು ಅದಕ್ಕಿಂತ ದೂರ ಈಗ ಬರಲಾರ. ಮುಂದಿನ ಬಕ್ರೀದಿಗೆ ಬರುತ್ತೇನೆ, ತಮ್ಮನಿಗೆ ಹೇಳು ಅಂದಿದ್ದಾನೆ. ಏನಂತ ಕರೆಯಬೇಕು ಅಂತ ಕೇಳಿದ್ದೆಯಲ್ಲ, ಅವನು ನಿನ್ನನ್ನು ಕರೆದಾಯಿತು.

ಇವತ್ತು ಸಂಜೆ ಅಮ್ಮ ಮತ್ತೊಂದು ಸಲ ಪುಡಿ ಮಾಡಿದಳು, ನಿನ್ನ ಡಬ್ಬಿಗೆ. ನಾನು ಪಕ್ಕದಲ್ಲಿ ಪೆನ್ನು ಹಿಡಿದು ಕೂತೆ, ಇನ್ನಾದರೂ ಒಂದು ಕಡೆ ಬರೆದಿಡೋಣ ಅಂತ. ಹಿಂಡಿ ಎಷ್ಟು, ಶುಂಠಿ ಎಷ್ಟು, ಮೆಣಸಿನಕಾಯಿ ಎಷ್ಟು ಅಂತ ಬೊಗಸೆ ಲೆಕ್ಕದಲ್ಲಿ ಹೇಳಿದಳು, ಬರೆದುಕೊಂಡೆ. ಲವಂಗ ಎಷ್ಟು ಅಂತ ಕೇಳಿದೆ.

ಅವಳು ಡಬ್ಬಿಯನ್ನು ಒರಳಿನ ಮೇಲೆ ಬಗ್ಗಿಸಿ ಹಿಡಿದು, "ಅವತ್ತು ಎಷ್ಟು ಬಿತ್ತೋ ಅಷ್ಟು," ಅಂದಳು.

ನಿನ್ನ ತಂಗಿ
ದೇಲು